ಮಿಲ್ಲಿನ ಗೋಡೆಯ ಗಾಳಿ ಸಮಾಚಾರ

ಬೆಳಿಗ್ಗೆ ಎದ್ದ ಕೂಡಲೇ ಕೆಲವರು ಅಂಗೈ ನೋಡಿಕೊಳ್ಳುತ್ತಾರೆ, ಕೆಲವರು ದೇವರ ಪಟ ನೋಡುತ್ತಾರೆ. ನಾನು ಫೋನಿನಲ್ಲಿ ಗಾಳಿ ನೋಡುತ್ತೇನೆ. ಕಾಫಿ ಆಮೇಲೆ. ನಮ್ಮ ಯಜಮಾನರು ಇದಕ್ಕೆ ಒಗ್ಗಿಹೋಗಿದ್ದಾರೆ. ಮೊನ್ನೆ ಬಂದಿದ್ದ ಅವರ ಸೋದರತ್ತೆ ಮಾತ್ರ, ಹಾಸಿಗೆಯ ಮೇಲೆ ಕೂತು ಕಣ್ಣು ಕಿರಿದು ಮಾಡಿಕೊಂಡು ಫೋನು ಉಜ್ಜುತ್ತಿದ್ದ ನನ್ನನ್ನು ಕಂಡು, ಯಜಮಾನರನ್ನು ಅಡಿಗೆಮನೆಗೆ ಕರೆದು, ಈ ವಯಸ್ಸಿನಲ್ಲಿ ಇವಳಿಗೆ ಯಾರ ಮೆಸೇಜು ಬರುತ್ತೆ ಅಂತ ವಿಚಾರಿಸಿದರಂತೆ. ಗಾಳಿಯದು ಎಂದರೆ ನಂಬಲಿಲ್ಲ. ನೀವು ನಂಬದಿದ್ದರೂ ತಪ್ಪಿಲ್ಲ. ಈ ಚಟ ಹೇಗೆ ಅಂಟಿತು, ಇದರಿಂದ ಎಷ್ಟು ನಗೆಪಾಟಲಾದೆ, ಆದರೂ ಯಾಕೆ ಬಿಟ್ಟಿಲ್ಲ ಅನ್ನುವುದನ್ನು ಹೇಳಿಬಿಡುತ್ತೇನೆ, ಕೇಳಿ.

ನಮ್ಮೂರು ಹರ್ಲೆ. ಹುಣಸೂರಿನಿಂದ ಕೋಟೆ ಪಟ್ಟಣದ ಕಡೆ ಹೋಗುವ ಬಸ್ಸಿನಲ್ಲಿ ಇಳಿದು ಒಳಕ್ಕೆ ನಡೆಯಬೇಕು. ಹರ್ಲೆ ಅಂದರೆ ಕೆ.ಆರ್. ನಗರದ ಕಡೆಯವರ ಕಿವಿಗೆ ಮಿರ್ಲೆ ಅಂತಲೇ ಬೀಳುತ್ತದೆ. ನಮ್ಮ ಮದುವೆಗೆ ಬರಬೇಕಾದ ಅಡಿಗೆಯವರು ಮಿರ್ಲೆಗೆ ಹೋಗಿ, ಅಲ್ಲಿ ಯಾರ ಮನೆಯಲ್ಲೂ ಚಪ್ಪರವಿಲ್ಲದ್ದು ಕಂಡು ಗಾಬರಿಯಾಗಿ, ಮಧ್ಯಾಹ್ನಕ್ಕೆ ಇಲ್ಲಿ ಬಂದು ಮುಟ್ಟಿದ್ದರು. ಊರಿನ ಹೆಸರು ಹೇಳಿದರೆ ಎರಡನೇ ಸಲ ಹೇಳಿಸಿಕೊಳ್ಳದೆ ಯಾರೂ ಬಿಟ್ಟಿದ್ದಿಲ್ಲ.

ಊರಿನ ಪಡುವಲಿಗೆ ಹೊಲ, ಹೊಲದಾಚೆ ಕಾಡು. ಆಷಾಢದ ಗಾಳಿ ಬರುವುದು ಆ ಕಡೆಯಿಂದ. ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸದಾಗಿ ಮದುವೆಯಾದವಳು ಗಂಡನ ಮನೆಯಲ್ಲಿಲ್ಲ. ತಿಂಗಳನ್ನು ಪೂರ್ತಿ ಗಾಳಿಗೇ ಬಿಟ್ಟುಕೊಟ್ಟ ಹಾಗೆ. ಗಾಳಿಯೂ ಅದನ್ನು ಹಾಗೇ ತಿಳಿದುಕೊಂಡಿರಬೇಕು. ನಾವು ಚಿಕ್ಕವರಿದ್ದಾಗ ಸ್ಕೂಲಿಗೆ ಹೋಗುವಾಗಲೂ ಅದು ಎದುರಿನಿಂದ ಬರುತ್ತಿತ್ತು, ವಾಪಸು ಬರುವಾಗಲೂ ಎದುರಿನಿಂದಲೇ ಬರುತ್ತಿತ್ತು. ಇದು ಹೇಗೆ ಸಾಧ್ಯ ಅಂತ ಇವತ್ತಿಗೂ ನನಗೆ ಬಗೆಹರಿದಿಲ್ಲ. ಒಂದು ಕೈಯಲ್ಲಿ ಪುಸ್ತಕದ ಚೀಲ, ಇನ್ನೊಂದರಲ್ಲಿ ಲಂಗದ ಅಂಚು. ಕಣ್ಣಿಗೆ ಧೂಳು ಬಿದ್ದರೆ ಉಜ್ಜಲು ಮೂರನೇ ಕೈ ಇರುತ್ತಿರಲಿಲ್ಲ.

ನಮ್ಮಪ್ಪನದು ಹಿಟ್ಟಿನ ಮಿಲ್ಲು. ಹಾಗಾಗಿ ನನ್ನ ಹುಬ್ಬು, ರೆಪ್ಪೆ, ಜಡೆ ಎಲ್ಲವೂ ಬೆಳ್ಳಗಿರುತ್ತಿದ್ದವು. ಕ್ಲಾಸಿನವರು ನನ್ನನ್ನು ಮಿಲ್ಲಜ್ಜಿ ಎಂದು ಕರೆಯುತ್ತಿದ್ದರು. ಈಗ ನಿಜವಾಗಿಯೂ ಅಜ್ಜಿಯಾಗುವ ಹೊತ್ತು ಬಂದಿದೆ. ತಲೆಯಲ್ಲಿ ಎಷ್ಟು ನರೆ, ಎಷ್ಟು ಹಿಟ್ಟು ಅನ್ನುವುದು ತಲೆಗೆ ನೀರು ಹಾಕಿಕೊಂಡ ದಿನ ಮಾತ್ರ ತಿಳಿಯುತ್ತದೆ.

ಕನ್ನಡದಲ್ಲಿ ಗಾಳಿಯೂ ಬೀಸುತ್ತದೆ, ರಾಗಿಯನ್ನೂ ಬೀಸುತ್ತಾರೆ. ನಮ್ಮ ಮಿಲ್ಲಿನಲ್ಲಿ ಇವೆರಡೂ ಒಟ್ಟಿಗೆ ನಡೆಯುವುದಿಲ್ಲ. ಅದು ಬೀಸಿದರೆ ನಾವು ಬೀಸುವಂತಿಲ್ಲ. ಕಾಡಂಚಿನಲ್ಲಿ ಎಲ್ಲೋ ಒಂದು ಕೊಂಬೆ ಮುರಿದು ತಂತಿಯ ಮೇಲೆ ಬೀಳುತ್ತದೆ, ಇಲ್ಲಿ ಕಲ್ಲು ತಿರುಗುವುದು ನಿಲ್ಲುತ್ತದೆ. ಆಗ ಅಪ್ಪ ಬಾಗಿಲಿಗೆ ಬಂದು, ಸೊಂಟದ ಮೇಲೆ ಕೈಯಿಟ್ಟು, ಪಕ್ಕದ ಹೊಲದವನನ್ನು ಮಾತಾಡಿಸುವ ಹಾಗೆ ಗಾಳಿಯನ್ನು ಮಾತಾಡಿಸುತ್ತಿದ್ದರು. "ಬತ್ತೀಯಾ, ಬಾ. ನಾನೂ ಇಲ್ಲೇ ಇರ್ತೀನಿ ಕಣ" ಎನ್ನುತ್ತಿದ್ದರು. ಬೈಗುಳವಿಲ್ಲ, ಬೇಡಿಕೆಯೂ ಇಲ್ಲ. ಬಾಗಿಲನ್ನಂತೂ ಎಂದೂ ಹಾಕುತ್ತಿರಲಿಲ್ಲ.

ಅಪ್ಪನ ನಂತರ ಮಿಲ್ಲು ನನಗೆ ಬಂತು. ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವ ಮನೆಯಲ್ಲಿ ಹುಟ್ಟಿದ ನಮ್ಮ ಯಜಮಾನರು ನನ್ನ ಜೊತೆಗೆ ಇಲ್ಲಿಗೇ ಬಂದು ನಿಂತರು. ಬೆಲ್ಟು ಕಿತ್ತುಬಂದರೆ ಅವರು, ಸವೆದ ಕಲ್ಲಿಗೆ ಮುಳ್ಳು ಹೊಡೆಸಿ ಒರಟು ಮಾಡಿಸಬೇಕಾದರೆ ಅವರು, ಗಿರಾಕಿಗಳ ಜೊತೆ ಮಾತಿಗೆ ನಾನು. ಅವರು ದಿನಕ್ಕೆ ಆಡುವ ಮಾತು ಒಂದು ಸೇರು ರಾಗಿ ಬೀಸುವಷ್ಟು ಹೊತ್ತಿಗೆ ಮುಗಿದುಹೋಗುತ್ತದೆ.

ಮಿಲ್ಲಿನ ಹೊರಗೋಡೆಯಲ್ಲಿ ಕರಿಬಣ್ಣ ಬಳಿದ ಒಂದು ಚೌಕ ಇದೆ. ಅಪ್ಪನ ಕಾಲದಲ್ಲಿ ಅದರ ಮೇಲೆ ಇರುತ್ತಿದ್ದದ್ದು ಒಂದೇ ವಾಕ್ಯ: ಕರೆಂಟ್ ಇಲ್ಲ. ಇರುವಾಗ ಅಳಿಸುತ್ತಿದ್ದರು. ಅದರಲ್ಲಿ ಗಾಳಿ ಸಮಾಚಾರ ಬರೆಯುವುದಕ್ಕೆ ಶುರು ಮಾಡಿಸಿದವಳು ಗಂಗಮ್ಮ.

ಗಂಗಮ್ಮ ಸೀಗೆಗುಂಡಿ ಹಾಡಿಯವಳು. ಹಾಡಿ ಅಂದರೆ ಕಾಡಿಗೆ ಅಂಟಿಕೊಂಡ ಹತ್ತಿಪ್ಪತ್ತು ಮನೆ. ಅಲ್ಲಿನ ಹೆಂಗಸರು ರಾಗಿ ಹೊತ್ತುಕೊಂಡು ಕಾಡಂಚಿನ ದಾರಿಯಲ್ಲಿ ನಮ್ಮ ಮಿಲ್ಲಿಗೆ ಬರುತ್ತಾರೆ. ಸಂಜೆಯಾದರೆ ಆ ದಾರಿಗೆ ಆನೆ ಇಳಿಯುತ್ತದೆ, ಹಾಗಾಗಿ ಬಿಸಿಲು ಇಳಿಯುವುದರೊಳಗೆ ಮನೆ ಮುಟ್ಟಬೇಕು. ಕರೆಂಟು ಹೋಯಿತು ಅಂದರೆ, ಜಗುಲಿಯಲ್ಲಿ ಕಾದು ಕಾದು, ಅದೇ ರಾಗಿಯನ್ನು ಹೊತ್ತುಕೊಂಡು ವಾಪಸು. ಆ ವರ್ಷ ಆಷಾಢದ ಶುರುವಿನಲ್ಲಿ ಗಂಗಮ್ಮ ಎರಡು ಸಲ ಹಾಗೆ ಬರಿದೇ ಹೋದಳು. ಮತ್ತೆ ಬಂದವಳು ತಲೆಯಿಂದ ಚೀಲ ಇಳಿಸಿ, ಕೂರದೆ ಕೇಳಿದಳು:

"ಅಕ್ಕ, ಕರೆಂಟ್ ಓಯ್ತದೆ ಅಂತ ಮೊದ್ಲೇ ಏಳಕ್ಕಾಗಲ್ವ?"

ಕರೆಂಟಿನವರಿಗೇ ಗೊತ್ತಿಲ್ಲದ್ದು ನನಗೆ ಹೇಗೆ ಗೊತ್ತಾಗಬೇಕು ಎಂದು ಬಾಯಿಗೆ ಬಂತು. ನುಂಗಿಕೊಂಡೆ. ನಮ್ಮಲ್ಲಿ ಕರೆಂಟು ಹೋಗುವುದು ಗಾಳಿಯಿಂದ. ಗಾಳಿ ಬರುವುದು ಮೊದಲೇ ತಿಳಿದರೆ ಕರೆಂಟು ಹೋಗುವುದೂ ತಿಳಿದ ಹಾಗಲ್ಲವೇ? ನೀವು ಕಾಡಿನ ಪಕ್ಕದವರು, ನಿಮಗೇ ಮುಂಚೆ ತಿಳಿಯಬೇಕಲ್ಲ ಅಂತ ಅವಳನ್ನೇ ಕೇಳಿದೆ. ಬಂದ ಮೇಲೆ ತಿಳಿಯುತ್ತದೆ ಎಂದಳು. ಅಷ್ಟು ನನಗೂ ತಿಳಿಯುತ್ತಿತ್ತು.

ಹುಣಸೂರಿಗೆ ಹೋದಾಗ ಮೊಬೈಲ್ ಅಂಗಡಿಯವನು ಫೋನಿಗೆ ಹವಾಮಾನದ ಆ್ಯಪ್ ಹಾಕಿಕೊಟ್ಟ. ಊರು ಯಾವುದು ಅಂದ. ಹರ್ಲೆ ಅಂದೆ. ಎರಡು ಸಲ ಹೇಳಿಸಿಕೊಂಡು ಇಂಗ್ಲಿಷಿನಲ್ಲಿ ಬರೆದ. ಒಂದಷ್ಟು ಹೆಸರುಗಳ ಸಾಲು ಬಂತು. ಮೊದಲನೆಯದೇ ನಮ್ಮೂರು, ನೋಡಿ ಅಂತ ನಾನೇ ನನ್ನ ಬೆರಳಿನಿಂದ ಒತ್ತಿದೆ. ಎಂಥ ಸಂತೋಷ ಆಯಿತೆಂದರೆ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದವರಿಗೆಲ್ಲ ನಮ್ಮೂರಿನ ಹೆಸರು ಫೋನಿನಲ್ಲಿ ಬಂದಿರುವುದನ್ನು ತೋರಿಸಿದೆ. ಮಿರ್ಲೆಯವರಿಗೂ ತೋರಿಸಬೇಕು ಅನ್ನಿಸಿತ್ತು.

ಮಾರನೇ ಬೆಳಿಗ್ಗೆಯಿಂದ ಕರಿಚೌಕದ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದಕ್ಕೆ ಹಿಡಿದೆ. "ಹರ್ಲೆ: ಇಂದು ಗಾಳಿ ಜೋರು. ಮಧ್ಯಾಹ್ನದೊಳಗೆ ಬಂದು ಬೀಸಿಸಿಕೊಳ್ಳಿ." ಹಾಡಿಯಲ್ಲಿ ಒಂದು ಮತ್ತಿಮರದ ಕೆಳಗೆ ಮಾತ್ರ ಸಿಗ್ನಲ್ ಸಿಗುತ್ತದೆ; ಗಂಗಮ್ಮ ಅಲ್ಲಿಂದ ಫೋನು ಮಾಡಿ ಏನು ಬರೆದೆ ಅಂತ ಕೇಳುತ್ತಿದ್ದಳು. ಊರಿನವರೂ ಓದತೊಡಗಿದರು. ಬಟ್ಟೆ ಒಗೆಯುವವರು, ಬಾಳೆಗೆ ಊರುಗೋಲು ಕೊಡುವವರು, ಮನೆ ಮೇಲಿನ ಶೀಟಿಗೆ ಕಲ್ಲು ಹೇರುವವರು, ಎಲ್ಲರೂ ಹೋಗುತ್ತಾ ಬರುತ್ತಾ ಒಂದು ಕ್ಷಣ ನಿಂತು ನೋಡುತ್ತಿದ್ದರು. ಎದುರಿನ ಚಹಾ ಹೋಟೆಲಿನ ಶಿವಣ್ಣ, ಯಾರು ಏನು ಮಾಡಿದರೂ ನಗುವುದೇ ಕೆಲಸವಾದ ಆಸಾಮಿ, ಅವನೂ ತನ್ನ ಚಪ್ಪರದ ಟಾರ್ಪಾಲನ್ನು ನನ್ನ ಬೋರ್ಡು ನೋಡಿ ಬಿಗಿಯುತ್ತಿದ್ದ.

ಅನುಮಾನ ಬರಬೇಕಾಗಿತ್ತು. ಆ ಆ್ಯಪಿನಲ್ಲಿ ಮೇಲ್ಗಡೆ ದೊಡ್ಡದಾಗಿ ಹದಿಮೂರು, ಹದಿನಾಲ್ಕು ಎಂದು ಬರುತ್ತಿತ್ತು. ಅದು ಮಳೆಯ ಲೆಕ್ಕ ಇರಬೇಕು ಅಂದುಕೊಂಡೆ. ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಗೆ ಎಂದೂ ತೋರಿಸುತ್ತಿತ್ತು. ಪಾಪ, ಇದನ್ನು ಮಾಡಿದವರು ನಮ್ಮ ಕಡೆ ಬಂದಿಲ್ಲ, ಅವರಿಗೇನು ಗೊತ್ತು ಅಂತ ಅವರನ್ನೇ ಕ್ಷಮಿಸಿಬಿಟ್ಟೆ. ಬಾಣದ ಗುರುತು ಗಾಳಿ ನೈಋತ್ಯದಿಂದ ಬರುತ್ತದೆ ಎಂದು ತೋರಿಸುತ್ತಿತ್ತು, ನಮ್ಮೂರಿಗೂ ಹೆಚ್ಚುಕಡಿಮೆ ಅದೇ ಕಡೆಯಿಂದ ಬರುತ್ತಿತ್ತು. ನನಗೆ ಅಷ್ಟು ಸಾಕಾಗಿತ್ತು.

ಶಿವಣ್ಣನ ತಮ್ಮ ಲಾರಿ ಓಡಿಸುವವನು, ದಿನವೆಲ್ಲ ಫೋನಿನಲ್ಲಿ ದಾರಿ ನೋಡುವವನು. ಊರಿಗೆ ಬಂದಿದ್ದವನು ಒಂದು ಬೆಳಿಗ್ಗೆ ಅಕ್ಕಿ ಬೀಸಿಸಲು ಬಂದು, ನನ್ನ ಫೋನನ್ನು ಇಸಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ. ಊರಿನ ಹೆಸರನ್ನು ಒತ್ತಿದ. ನಕ್ಷೆ ಬಂತು. ಅದನ್ನು ಚಿಕ್ಕದು ಮಾಡುತ್ತಾ ಹೋದ ಹಾಗೆ ಸುತ್ತಲೂ ನೀಲಿ, ಸಮುದ್ರ. ಅವನು ನಗಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. "ಅಕ್ಕ, ಇದು ನಮ್ಮ ಅರ್ಲೆ ಅಲ್ಲ ಕಣಕ್ಕ," ಅಂದ, "ಇಂಗ್ಲೆಂಡಿಂದು."

ಮಿಲ್ಲಿನ ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲ ಅಂತ ಮಿಷನ್ನು ನಿಲ್ಲಿಸಿದೆ. ನಿಲ್ಲಿಸಬಾರದಾಗಿತ್ತು. ಅವನು ಎರಡನೇ ಸಲ ಹೇಳಿದ್ದು ಜಗುಲಿಯ ಮೇಲಿದ್ದವರಿಗೆಲ್ಲ ಕೇಳಿಸಿತು.

ಅಲ್ಲೂ ಹರ್ಲೆ ಅಂತ ಒಂದು ಸಣ್ಣ ಹಳ್ಳಿಯಂತೆ. ನಾನು ಅಷ್ಟು ದಿನ ನಮ್ಮೂರಿನ ಗೋಡೆಯ ಮೇಲೆ ಅದರ ಗಾಳಿ ಬರೆಯುತ್ತಿದ್ದೆ. ಅದನ್ನು ನಂಬಿ ಇಲ್ಲಿ ಜನ ಸೀರೆ ಒಣಹಾಕಿದ್ದರು, ಬಾಳೆಗೆ ಕೋಲು ಕಟ್ಟಿದ್ದರು. ಅದು ಹೇಗೆ ನಿಜವಾಗುತ್ತಿತ್ತು ಅಂತ ಕೇಳಬೇಡಿ. ಆಷಾಢದಲ್ಲಿ ಗಾಳಿ ಜೋರು ಎನ್ನುವುದಕ್ಕೆ ಫೋನೂ ಬೇಡ, ಇಂಗ್ಲೆಂಡೂ ಬೇಡ.

ಸಂಜೆಯೊಳಗೆ ಊರೆಲ್ಲ ಸುದ್ದಿ. ಆಷಾಢಕ್ಕೆ ಹೆಣ್ಣುಮಕ್ಕಳು ತವರಿಗೆ ಹೋದರೆ ಸುಶೀಲಮ್ಮ ಇಂಗ್ಲೆಂಡಿಗೆ ಹೋಗಿದ್ದಾರೆ ಅಂತ ಶಿವಣ್ಣ ಹೋಟೆಲಿಗೆ ಬಂದವರಿಗೆಲ್ಲ ಚಹಾದ ಜೊತೆ ಒಂದು ಮಾತನ್ನೂ ಕೊಟ್ಟ. ನನ್ನ ಹೆಸರು ಲಂಡನ್ ಸುಶೀಲಮ್ಮ ಎಂದಾಯಿತು. ಯಾರೋ ನನ್ನ ಅಕ್ಷರದ ಕೆಳಗೆ, "ಇಂದು ಲಂಡನ್ನಿನಲ್ಲಿ ಕರೆಂಟ್ ಇರುವುದಿಲ್ಲ" ಎಂದು ಬರೆದು ಹೋದರು. ಅಕ್ಷರ ನನ್ನದಕ್ಕಿಂತ ದುಂಡಗಿತ್ತು, ಅದನ್ನು ಒಪ್ಪಬೇಕು.

ಯಜಮಾನರು ಸುಣ್ಣದ ಡಬ್ಬ, ಬ್ರಷ್ಷು ತಂದು ಗೋಡೆಯ ಹತ್ತಿರ ಇಟ್ಟರು. "ಬುಡು ಸುಸೀಲ. ಸುಣ್ಣ ಒಡ್ದುಬುಡ್ತೀನಿ, ಎಲ್ಲಾ ಮರ್ತೋಯ್ತರೆ" ಅಂದರು. ಅವರು ಹೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ನಾನೂ ಹೂಂ ಅನ್ನುವವಳಿದ್ದೆ. ಅದಕ್ಕೆ ಮುಂಚೆ, ನಮ್ಮ ಹರ್ಲೆ ಎಲ್ಲಿದೆ ಅಂತ ಆ ಫೋನಿನಲ್ಲಿ ಒಂದು ಸಲ ಹುಡುಕಿದೆ. ಇರಲಿಲ್ಲ. ಬೇರೆ ಬೇರೆ ಥರ ಬರೆದು ನೋಡಿದೆ. ಇರಲಿಲ್ಲ. ಹುಣಸೂರು ಇತ್ತು, ಕೋಟೆ ಇತ್ತು, ಪಿರಿಯಾಪಟ್ಟಣ ಇತ್ತು. ನಡುವೆ ನಾವು ಇರುವ ಜಾಗದಲ್ಲಿ ಬರಿಯ ಹಸಿರು.

ಆಗ ಸಿಟ್ಟು ಬಂತು ನೋಡಿ. ಆ ಇಂಗ್ಲೆಂಡಿನ ಊರಿನ ಮೇಲಲ್ಲ. ಅವರ ಗಾಳಿ ಅವರಿಗೆ ತಿಳಿಯಲಿ, ಚೆನ್ನಾಗಿರಲಿ. ಅಷ್ಟು ದಿನ ನೋಡಿ ನೋಡಿ ಅವರ ಜೊತೆ ನನಗೆ ಒಂದು ಬಗೆಯ ನಂಟೇ ಬೆಳೆದಿತ್ತು. ಈಗಲೂ ಒಂದೊಂದು ಬೆಳಿಗ್ಗೆ ಅಲ್ಲಿ ಹೇಗಿದೆ ಅಂತ ಇಣುಕುತ್ತೇನೆ. ಆದರೆ ಹಿಡಿಯಷ್ಟು ಮನೆ ಇರುವ ಊರಿಗೆ ಅಷ್ಟು ದೂರದಲ್ಲಿ ಗಂಟೆಗಂಟೆಗೂ ಗಾಳಿಯ ಲೆಕ್ಕ ಇದ್ದರೆ, ನಮ್ಮೂರಿಗೆ ಯಾಕಿಲ್ಲ? ನಮ್ಮ ಶೀಟು ಹಾರುವುದಿಲ್ಲವೇ? ನಮ್ಮ ತಂತಿ ಹರಿಯುವುದಿಲ್ಲವೇ? ಹುಣಸೂರಿನ ಗಾಳಿ ನೋಡಿಕೊಳ್ಳಿ, ಹತ್ತಿರವೇ ಅಲ್ಲವೇ ಅಂತ ಶಿವಣ್ಣನ ತಮ್ಮ ಸಮಾಧಾನ ಹೇಳಿದ. ಹುಣಸೂರಿನ ಗಾಳಿ ಹುಣಸೂರಿಗೆ. ಮಿರ್ಲೆಗೆ ಹೋದ ಅಡಿಗೆಯವರು ನಮ್ಮ ಮದುವೆಗೆ ಅಡಿಗೆ ಮಾಡಿದಂತಾಯಿತೇ?

"ಸುಣ್ಣ ಒಡೀಬ್ಯಾಡಿ," ಎಂದೆ. ಯಜಮಾನರು ಸುಣ್ಣದ ಡಬ್ಬ ಎತ್ತಿ ಒಳಗಿಟ್ಟರು.

ಮಾರನೇ ದಿನ ಜನ ಹಾಲು ಹಾಕಿ ಬರುವ ಹೊತ್ತಿಗೆ ಗೋಡೆಯ ಮೇಲೆ ಹೀಗಿತ್ತು: "ನಿನ್ನೆಯವರೆಗೆ ಬರೆದದ್ದು ಇಂಗ್ಲೆಂಡಿನ ಗಾಳಿ. ಇವತ್ತಿನಿಂದ ನಮ್ಮದು."

ನಮ್ಮದು ಅಂತ ಬರೆದದ್ದೇನೋ ಆಯಿತು, ಅದನ್ನು ಎಲ್ಲಿಂದ ತರುವುದು? ನನ್ನ ತಂಗಿ ಭಾಗ್ಯಳನ್ನು ಕೋಟೆಗೆ ಕೊಟ್ಟಿದೆ. ಗಾಳಿ ಆ ಕಡೆಯಿಂದ ಬರುವುದರಿಂದ ಅವಳ ಮನೆಯನ್ನು ದಾಟಿಯೇ ನಮ್ಮಲ್ಲಿಗೆ ಬರಬೇಕು ಅನ್ನುವುದು ನನ್ನ ಲೆಕ್ಕ. ದಿನಾ ಬೆಳಿಗ್ಗೆ ಫೋನು ಮಾಡಿ ನಿಮ್ಮ ತೆಂಗಿನಮರ ಹೇಗೆ ಆಡುತ್ತಿದೆ ಅಂತ ಕೇಳುತ್ತಿದ್ದೆ. ಅವಳು ಹಲ್ಲುಜ್ಜುತ್ತಲೇ ಹೊರಗೆ ಬಂದು ನೋಡಿ ಹೇಳುತ್ತಿದ್ದಳು. ಮಿಲ್ಲಿನ ತಾರಸಿಯ ಮೇಲೆ ಒಂದು ಬಿದಿರಿನ ಕೋಲು ನೆಟ್ಟು ಹಳೇ ಸೀರೆಯ ತುಂಡು ಕಟ್ಟಿದೆ. ಫೋನಿನಲ್ಲಿ ಹುಣಸೂರು, ಕೋಟೆ ಎರಡನ್ನೂ ನೋಡಿ, ತಂಗಿಯ ತೆಂಗಿನಮರವನ್ನು ಕೂಡಿಸಿ, ಸೀರೆಯ ತುಂಡನ್ನು ಕಳೆದು, ಒಂದು ಮಾತು ಬರೆಯುತ್ತಿದ್ದೆ.

ತಪ್ಪಾಗುತ್ತಿತ್ತು. ಬೇಕಾದಷ್ಟು ಸಲ ತಪ್ಪಾಗುತ್ತಿತ್ತು. ಇಂಗ್ಲೆಂಡಿನ ಗಾಳಿಯೇ ಇದಕ್ಕಿಂತ ವಾಸಿಯಾಗಿತ್ತು ಅಂತ ಶಿವಣ್ಣ ಹೇಳುತ್ತಿದ್ದದ್ದು ಪೂರ್ತಿ ಸುಳ್ಳೇನಲ್ಲ. ಆದರೆ ನಾನು ಒಂದು ಪದ್ಧತಿ ಇಟ್ಟುಕೊಂಡೆ. ತಪ್ಪಾದ ಮಾರನೇ ದಿನ ಮೊದಲ ಸಾಲಿನಲ್ಲಿ "ನಿನ್ನೆ ಬರೆದದ್ದು ತಪ್ಪು" ಎಂದು ಬರೆಯುವುದು, ಆಮೇಲೆ ಇವತ್ತಿನದು. ಬೇರೆಯವರು ಬರೆದು ನಗುವ ಮುಂಚೆ ನಾನೇ ಬರೆದರೆ ಅವರ ಕೆಲಸ ಅರ್ಧ ಕಡಿಮೆಯಾಗುತ್ತದೆ. ಲಂಡನ್ ಸುಶೀಲಮ್ಮ ಎಂದು ಕೂಗಿದರೆ ಓ ಅನ್ನುವುದನ್ನೂ ಕಲಿತೆ.

ಎಲ್ಲಕ್ಕಿಂತ ಕೆಟ್ಟ ದಿನ ಒಂದು ಬಂತು. ಆ ಬೆಳಿಗ್ಗೆ ಸೀರೆಯ ತುಂಡು ಸತ್ತ ಹಾಗೆ ಜೋತುಬಿದ್ದಿತ್ತು. ತಂಗಿಯ ತೆಂಗಿನಗರಿಯೂ ಅಲ್ಲಾಡುತ್ತಿಲ್ಲವಂತೆ. ಗಂಗಮ್ಮ ಫೋನು ಮಾಡಿದಾಗ, ಗಾಳಿ ಇಲ್ಲ, ಕರೆಂಟು ಇರುತ್ತೆ, ಧೈರ್ಯವಾಗಿ ಬನ್ನಿ ಎಂದೆ. ಮಾರನೇ ದಿನ ಹಾಡಿಯಲ್ಲಿ ಏನೋ ದೇವರ ಕೆಲಸ, ಎಲ್ಲರ ಮನೆಗೂ ಹಿಟ್ಟು ಬೇಕಿತ್ತು. ಅವಳ ಜೊತೆ ಇನ್ನೂ ಮೂವರು ಹೆಂಗಸರು ತಲೆ ಮೇಲೆ ಚೀಲ ಹೊತ್ತು ಬಂದರು. ಮೊದಲ ಚೀಲ ಸುರಿದು ಕಲ್ಲು ತಿರುಗಿತು ಅನ್ನುವಷ್ಟರಲ್ಲಿ ಹೊಲದ ಕಡೆಯಿಂದ ಧೂಳು ಎದ್ದಿತು. ಶಿವಣ್ಣನ ಟಾರ್ಪಾಲು ಹಾರಿ ಬೇಲಿಗೆ ಬಿತ್ತು. ಕಲ್ಲು ನಿಂತಿತು.

ಕಾದೆವು. ಅವರು ತಂದಿದ್ದ ಮುದ್ದೆ ಉಂಡರು, ನಾನು ಸಾರು ಕೊಟ್ಟೆ. ಲೈನಿನವರಿಗೆ ಫೋನು ಮಾಡಿದರೆ ಕಾಡೊಳಗೆ ಕಂಬವೇ ಬಿದ್ದಿದೆಯಂತೆ. ಬಿಸಿಲು ಮಿಲ್ಲಿನ ಗೋಡೆಯಿಂದ ಸರಿಯಿತು. ಅವರು ಏಳಲೇಬೇಕಾಯಿತು. ನಾಲ್ವರೂ ಎದ್ದು ಸೆರಗು ಕೊಡವಿಕೊಳ್ಳುವಾಗ ನನಗೆ ಅವರ ಮುಖ ನೋಡಲು ಆಗಲಿಲ್ಲ. ಊರು ನಕ್ಕಾಗ ಇರದ ಸಂಕಟ ಅದು. ಒದ್ದೆಬಟ್ಟೆ ತಂದು, ಗೋಡೆಯ ಮೇಲಿನ ಅಕ್ಷರ ಅಳಿಸಲು ಕೈ ಎತ್ತಿದೆ. ನಾಳೆಯಿಂದ ಬರೆಯುವುದಿಲ್ಲ ಗಂಗಮ್ಮ, ನನ್ನ ಮಾತು ಕೇಳಿ ನೀವು ಕೆಟ್ಟಿರಿ ಎಂದೆ.

ಗಂಗಮ್ಮ ನನ್ನ ಕೈಯಿಂದ ಬಟ್ಟೆ ಇಸಕೊಂಡಳು. "ಬರೀದೆ ಏನ್ ಮಾಡ್ತೀಯಕ್ಕ? ಮುಂಚೇನೂ ಬತ್ತಿದ್ವಿ, ಕಾಯ್ತಿದ್ವಿ, ಓಯ್ತಿದ್ವಿ. ಯಾರೂ ಒಂದ್ ಮಾತ್ ಏಳ್ತಿರ್ನಿಲ್ಲ. ಈಗ ತಪ್ಪಾದ್ರೂ ಏಳಕ್ಕೆ ನೀನೊಬ್ಳು ಇದೀಯ."

ಅವಳು ಮುಗಿಸಿರಲಿಲ್ಲ. ನಮ್ಮನ್ನು ಕರೆದು ಕೂರಿಸಿದ್ದಕ್ಕೆ ತಪ್ಪು ಅಂತೀಯಲ್ಲ, ನಿನ್ನ ನಿಜವಾದ ತಪ್ಪು ಬೇರೆ ಇದೆ ಎಂದಳು. ಗೋಡೆಯ ಕಡೆ ಬೆರಳು ತೋರಿಸಿದಳು.

"ಅರ್ಲೆ ಅರ್ಲೆ ಅಂತ ಬರೀತೀಯ. ನಮ್ಮ ಸೀಗೆಗುಂಡೀಲೂ ಗಾಳಿ ಬತ್ತದೆ. ಅದನ್ಯಾಕೆ ಬರ್ಯಾಕಿಲ್ಲ?"

ನಮ್ಮೂರು ಫೋನಿನಲ್ಲಿಲ್ಲ ಎಂದು ಕುದಿದವಳು ನಾನು. ದಿನಾ ಬೆಳಿಗ್ಗೆ ನನಗೆ ಫೋನು ಮಾಡಿ ನಮ್ಮೂರಿನ ಗಾಳಿ ಕೇಳುತ್ತಿದ್ದವಳನ್ನು, ನಿಮ್ಮಲ್ಲಿ ಹೇಗಿದೆ ಎಂದು ಒಂದು ದಿನವೂ ತಿರುಗಿ ಕೇಳಿರಲಿಲ್ಲ. ಬರೆಯುತ್ತೇನೆ ಎಂದೆ. "ಬಣ್ದಲ್ಲೇ ಬರಿ. ಸೀಮೆಸುಣ್ಣ ಅಳಿಸ್ಕಂಡ್ ಓಯ್ತದೆ," ಎಂದಳು. ರಾಗಿ ನಮ್ಮಲ್ಲೇ ಬಿಟ್ಟು ಹೊರಟರು. ಮಾರನೇ ಬೆಳಿಗ್ಗೆ ಕರೆಂಟು ಬಂದ ಕೂಡಲೇ ಬೀಸಿ, ಬೆಚ್ಚಗಿದ್ದ ಹಿಟ್ಟನ್ನು ಯಜಮಾನರು ಗಾಡಿಯ ಮೇಲಿಟ್ಟುಕೊಂಡು ಹಾಡಿಗೆ ಮುಟ್ಟಿಸಿ ಬಂದರು. ಅಲ್ಲಿ ಊಟ ಮಾಡಿಸಿಯೇ ಕಳಿಸಿದರಂತೆ.

ಅಂದಿನಿಂದ ಮತ್ತಿಮರದ ಕೆಳಗಿನ ಫೋನು ಎರಡೂ ಕಡೆಗೆ ನಡೆಯುತ್ತದೆ. ಗಂಗಮ್ಮ ತನ್ನ ಹಾಡಿಯದು ಹೇಳುತ್ತಾಳೆ, ನಾನು ನನ್ನೂರಿನದು ಹೇಳುತ್ತೇನೆ. ಅವಳೂ ನನ್ನಷ್ಟೇ ತಪ್ಪುತ್ತಾಳೆ. ನನ್ನ ಹಾಗೆ ಅವಳೂ ಬಿಡುವುದಿಲ್ಲ.

ಬಣ್ಣ ಹಚ್ಚಿದ ದಿನ ಅವಳೂ ಬಂದಿದ್ದಳು. ಹಸಿರು ಆಯಿಲ್ ಪೇಂಟು, ಅರ್ಧ ಡಬ್ಬ, ಕೊಟ್ಟವನು ಶಿವಣ್ಣ. ಹೋಟೆಲಿನ ಬಾಗಿಲಿಗೆ ಹಚ್ಚಿ ಉಳಿದದ್ದು, ಲಂಡನ್ನಿಗೆ ನನ್ನದೊಂದು ಕಾಣಿಕೆ ಇರಲಿ ಎಂದ. ಯಜಮಾನರು ಮೇಲೆ "ಹರ್ಲೆ" ಎಂದು ಬರೆದರು. ಕೆಳಗೆ ಬರೆಯುವಾಗ ಬ್ರಷ್ಷು ಹಿಡಿದು ನಿಂತರು. ಸೀಗೆಗುಂಡಿಯೋ ಸಿಗೇಗುಂಡಿಯೋ, ಅವರು ನೋಡಿದ್ದ ಕಾಗದಗಳಲ್ಲಿ ಒಂದೊಂದರಲ್ಲಿ ಒಂದೊಂದು ಥರ ಇತ್ತಂತೆ. ಗಂಗಮ್ಮನನ್ನೇ ಕೇಳಿದೆವು. ಅವಳು ಒಂದೊಂದು ಅಕ್ಷರವನ್ನೂ ಎಳೆದು, ನಿಧಾನವಾಗಿ ಹೇಳಿದಳು. ಅವಳು ಹೇಳಿದ ಹಾಗೆ ಬರೆದರು. ಎರಡೂ ಹೆಸರಿನ ಮುಂದೆ ದಿನದಿನದ್ದು ಬರೆಯುವ ಜಾಗವನ್ನು, ಬೆಳಿಗ್ಗೆಯ ಸೀಮೆಸುಣ್ಣದ ಸಾಲುಗಳ ಸಮೇತ, ಹಾಗೇ ಬಿಟ್ಟರು.

ಕೊನೆಯ ಅಕ್ಷರದ ಗುಡಿಸು ಎಳೆಯುವ ಹೊತ್ತಿಗೆ ಗಾಳಿ ಎದ್ದಿತು. ಬೀದಿಯ ಧೂಳೆಲ್ಲ ಗೋಡೆಯ ಕಡೆಗೆ ಹಾರಿತು. ಹಸಿ ಬಣ್ಣಕ್ಕೆ ಮೆತ್ತಿಕೊಳ್ಳುತ್ತೆ ಅಂತ ಗಂಗಮ್ಮ ಗೋಡೆಗೆ ಮುಖ ಮಾಡಿ ನಿಂತು, ಸೆರಗನ್ನು ಎರಡೂ ಕೈಯಲ್ಲಿ ಅಗಲಕ್ಕೆ ಹಿಡಿದಳು. ನಾನು ಹೋಗಿ ಅವಳ ಪಕ್ಕದಲ್ಲಿ ನನ್ನ ಸೆರಗು ಹಿಡಿದೆ. ಗಾಳಿ ಬೆನ್ನಿಗೆ ಹೊಡೆಯುತ್ತಿತ್ತು. ಗಾಳಿ ತಗ್ಗುವ ತನಕ ಇಬ್ಬರೂ ಅಲ್ಲಾಡಲಿಲ್ಲ. ಮೂಗಿನ ಮುಂದೆಯೇ, ಹೊಸ ಹಸಿರು ಹೆಸರುಗಳ ಪಕ್ಕದಲ್ಲಿ, ಬೆಳಿಗ್ಗೆ ನಾವಿಬ್ಬರೂ ಫೋನಿನಲ್ಲಿ ಮಾತಾಡಿಕೊಂಡು ನಾನು ಸೀಮೆಸುಣ್ಣದಲ್ಲಿ ಬರೆದದ್ದು ಎರಡೂ ಕಡೆ ಒಂದೇ ಆಗಿತ್ತು: ಇಂದು ಗಾಳಿ ಇಲ್ಲ.